ಹೆಚ್ಚಾದ ಬಸ್ಸು

ಅವರ ಮುಂಬಲ್ಲುಗಳ ನಡುವೆ ಒಂದು ಕಡಲೆಬೇಳೆ ತೂರುವಷ್ಟು ಸಂದು ಇತ್ತು. ಬಾಯಿ ತೆರೆದು 'ಬಸ್' ಎಂದರೆ ಸಾಕು, ಆ ಸಂದಿನಿಂದ ಸಿಳ್ಳೆಯೊಂದು ಹೊರಟು ಮೈಕಿನೊಳಗೆ ಹೊಕ್ಕು ನಿಲ್ದಾಣದ ತಗಡಿನ ಮಾಡಿಗೆಲ್ಲ ಬಡಿಯುತ್ತಿತ್ತು. ಕಂಬದ ಬುಡದಲ್ಲಿ ಮಲಗಿದ ನಾಯಿಗಳು ಕಿವಿ ನಿಮಿರಿಸುತ್ತಿದ್ದವು. ನಾವು ಹುಡುಗಿಯರು ಬಾಯಿಗೆ ವೇಲು ಒತ್ತಿಕೊಂಡು ನಗುತ್ತಿದ್ದೆವು. ಅವರಿಗೆ ಅದು ಗೊತ್ತಿತ್ತು. ಕಿಂಡಿಯಿಂದ ತಲೆ ಹೊರಹಾಕಿ, "ನಗ್ರೆವ್ವಾ ನಗ್ರಿ, ಬಸ್ ಬರೂತನಕಾ ನಿಮಗ ಬ್ಯಾರೆ ಕೆಲಸ ಏನೈತಿ" ಎನ್ನುತ್ತಿದ್ದರು. ಆ 'ಬಸ್'ಗೂ ಸಿಳ್ಳೆ ಬರುತ್ತಿತ್ತು, ನಾವು ಮತ್ತೆ ನಗುತ್ತಿದ್ದೆವು.

ನಮ್ಮ ತಾಲೂಕು ಊರಿನ ಬಸ್ ನಿಲ್ದಾಣದಲ್ಲಿ ಅವರು ಕಂಟ್ರೋಲರ್. ಯಾವ ಬಸ್ಸು ಬಂತು, ಯಾವುದು ಹೊರಟಿತು, ಯಾವುದು ದಾರಿಯಲ್ಲಿ ಕೆಟ್ಟು ನಿಂತಿತು ಎಂದು ಮೈಕಿನಲ್ಲಿ ಹೇಳುವುದು ಅವರ ಕೆಲಸ. ಊರವರು ಸಾಹೇಬ್ರ ಎನ್ನುತ್ತಿದ್ದರು, ನಾವು ಕಂಟ್ರೋಲರ್ ಕಾಕಾ ಎನ್ನುತ್ತಿದ್ದೆವು. ಕಾಕಿ ಅಂಗಿಯ ಮೇಲೆ ಬೇಸಿಗೆಯಲ್ಲೂ ಕೊರಳಿಗೊಂದು ಟವೆಲ್ಲು ಸುತ್ತಿರುತ್ತಿದ್ದರು. ಗಂಟಲು ಕೆಟ್ಟರೆ ಹೊಟ್ಟೆಪಾಡು ಕೆಟ್ಟಂತೆ ಎಂಬುದು ಅವರ ಹೆದರಿಕೆ. ಆದರೂ ಎಲೆಯಡಿಕೆ ತಂಬಾಕು ಬಿಟ್ಟವರಲ್ಲ.

ಅವರ ಬಾಯಲ್ಲಿ ಒಂದು ಮಾತು ಮಾತ್ರ ಬರುತ್ತಿರಲಿಲ್ಲ. 'ಇಲ್ಲ' ಎನ್ನುವ ಮಾತು. ನಮ್ಮ ಕಡೆ ಮನೆಯಲ್ಲಿ ಅಕ್ಕಿ ತೀರಿದರೆ 'ಅಕ್ಕಿ ಇಲ್ಲ' ಎನ್ನುವುದಿಲ್ಲ, 'ಅಕ್ಕಿ ಹೆಚ್ಚಾಗ್ಯಾವ' ಎನ್ನುತ್ತೇವೆ. ಅನ್ನದ ವಿಷಯದಲ್ಲಿ ಇಲ್ಲ ಎನ್ನಬಾರದು, ಎಂದರೆ ಇಲ್ಲದಂತಾಗುತ್ತದೆ ಎಂದು ನಂಬಿಕೆ. ಕಂಟ್ರೋಲರ್ ಕಾಕಾ ಈ ಮಾತನ್ನು ಅಡುಗೆಮನೆಯಿಂದ ಎತ್ತಿ ತಂದು ಬಸ್ ನಿಲ್ದಾಣದಲ್ಲಿ ಇಟ್ಟಿದ್ದರು. ನಮ್ಮ ಹಳ್ಳಿಯ ಬಸ್ಸು ರದ್ದಾದ ದಿನ ಮೈಕಿನಲ್ಲಿ ಗಂಭೀರವಾಗಿ ಹೀಗೆ ಸಾರುತ್ತಿದ್ದರು: "ಮೊರಬದ ಮ್ಯಾಲೆ ಹಾದು ಹೋಗೂ ಸಂಜಿ ಬಸ್ ಇವತ್ತ ಹೆಚ್ಚಾಗೈತ್ರಿ. ಪ್ರಯಾಣಿಕರು ಸಹಕರಿಸಬೇಕು."

ನಮ್ಮ ಮಂದಿಗೆ ಅರ್ಥವಾಗುತ್ತಿತ್ತು. ಹೆಂಗಸರು ಚೀಲ ಎತ್ತಿಕೊಂಡು, ಬಸ್ಸಿಗೋ ಸರಕಾರಕ್ಕೋ ಬೈದುಕೊಳ್ಳುತ್ತ ಟಂಟಂ ನಿಲ್ಲುವ ಕಡೆ ನಡೆಯುತ್ತಿದ್ದರು. ಮೂರು ಗಾಲಿಯ ಆ ಗಾಡಿಯಲ್ಲಿ ಸಂದಿಗೊಬ್ಬರಂತೆ ತುರುಕಿಕೊಂಡು ಹೋಗುವುದು ರೂಢಿಯಾಗಿತ್ತು. ಒಮ್ಮೆ ಮಾತ್ರ, ಮೈಸೂರು ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದ ಬ್ಯಾಂಕಿನವರೊಬ್ಬರು 'ಹೆಚ್ಚಾಗೈತಿ' ಎಂದರೆ ಹೆಚ್ಚಿನ ಬಸ್ಸು ಬಿಟ್ಟಿದ್ದಾರೆಂದು ತಿಳಿದು ನೆಮ್ಮದಿಯಾಗಿ ಶೇಂಗಾ ತಿನ್ನುತ್ತ ಕುಳಿತರು. ನಿಲ್ದಾಣ ಬರಿದಾದ ಮೇಲೆ ಕಿಂಡಿಗೆ ಬಂದು ಜಗಳ ತೆಗೆದರು. ಕಾಕಾ ಅವರಿಗೆ ಚಹಾ ಕುಡಿಸಿ, ಯಾರದೋ ಮೋಟರ್ ಸೈಕಲ್ ಮೇಲೆ ಕೂಡಿಸಿ ಕಳಿಸಿದರು. ಈ ಕಥೆಯನ್ನು ತಾವೇ ಎಲ್ಲರಿಗೂ ಹೇಳಿ ನಗುತ್ತಿದ್ದರು.

"ನೆಟ್ಟಗ ರದ್ದ ಅನ್ರಲಾ ಕಾಕಾ" ಎಂದು ನಾನೊಮ್ಮೆ ಹೇಳಿದೆ.

"ಬಸ್ ರದ್ದ ಮಾಡೂದು ಮ್ಯಾಲಿನವರ ಕೈಯಾಗೈತೆವ್ವಾ. ಬಾಯಿ ಅಷ್ಟ ನಂದು" ಎಂದರು.

ನಮ್ಮೂರಿನಿಂದ ಡಿಗ್ರಿ ಕಾಲೇಜಿಗೆ ಹೋಗುತ್ತಿದ್ದ ಹುಡುಗಿಯರು ನಾವಿಬ್ಬರೇ, ನಾನು ಮತ್ತು ರೇಣುಕಾ. ಇಬ್ಬರ ಅಪ್ಪಂದಿರೂ ಕೂಡಿ ಮಾತಾಡಿಕೊಂಡವರಂತೆ ಒಂದೇ ಕರಾರು ಹಾಕಿದ್ದರು. "ದೀಪ ಹಚ್ಚೂದ್ರೊಳಗ ಮನ್ಯಾಗ ಇರಬೇಕು. ಒಂದ ಸಲ ತಪ್ಪಿತಂದ್ರ ಕಾಲೇಜ್ ಬಂದ್." ನಾವು ಪಾಸಾಗುವುದು, ಫೇಲಾಗುವುದು ಯಾವುದೂ ಅವರಿಗೆ ಮುಖ್ಯವಿರಲಿಲ್ಲ. ಸಂಜೆಯ ಬಸ್ಸು ಬಂದರೆ ನಾಳೆ ಕಾಲೇಜು, ಬರದಿದ್ದರೆ ಮನೆ, ಹೊಲ, ಮದುವೆ. ಆ ಬಸ್ಸೋ, ಡ್ರೈವರ್ ರಜೆ ಹಾಕಿದರೆ ಇಲ್ಲ, ಎಲ್ಲಿಯೋ ದೊಡ್ಡ ಸಭೆಗೆ ಜನ ಒಯ್ಯಬೇಕೆಂದರೆ ಇಲ್ಲ. ಯಾವುದಾದರೂ ಒಂದು ಬಸ್ಸು ತೆಗೆಯಬೇಕೆಂದರೆ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ನಮ್ಮದೇ.

ಹಾಗೆ ಅದು ಮೊದಲ ಸಲ ತಪ್ಪಿದ ದಿನ ರೇಣುಕಾ ಬೆಂಚಿನ ಮೇಲೆ ಕುಳಿತು ಅಳತೊಡಗಿದಳು. ನನಗೆ ಅಳುವಿಗಿಂತ ಸಿಟ್ಟು ಬೇಗ ಬರುತ್ತದೆ. ಕಿಂಡಿಗೆ ಹೋಗಿ, "ನಿಮಗ ಬಸ್ ಹೆಚ್ಚಾತು, ನಮಗ ಕಾಲೇಜ್ ಮುಗೀತು" ಎಂದು ಕೂಗಾಡಿದೆ. ಕರಾರಿನ ಸಂಗತಿಯೆಲ್ಲ ಆ ಕೂಗಾಟದಲ್ಲೇ ಹೊರಗೆ ಬಂತು. ಅವರು ಸಿಟ್ಟಾಗಲಿಲ್ಲ. "ಅಪ್ಪಗೋಳ ನಂಬರ್ ಹೇಳ್ರಿ" ಎಂದರು.

ನನ್ನ ಅಪ್ಪನಿಗೆ ಫೋನು ಹಚ್ಚಿ, ಮೈಕಿನಲ್ಲಿ ಮಾತಾಡುವ ದನಿಯಲ್ಲೇ ಸಾರಿದರು: "ನಮಸ್ಕಾರ್ರಿ. ಬಸ್ ನಿಲ್ದಾಣದಿಂದ ಮಾತಾಡಾಕತ್ತೇನಿ. ನಿಮ್ಮೂರ ಸಂಜಿ ಬಸ್ ಹೆಚ್ಚಾಗೈತ್ರಿ. ನಿಮ್ಮ ಮಗಳು ನನ್ನ ಕಣ್ಣ ಮುಂದ ಕುಂತಾಳ್ರಿ. ಮುಂದಿನ ಗಾಡಿಗೆ ನಾನ ನಿಂತು ಹತ್ತಸ್ತೇನ್ರಿ." ನನ್ನ ಅಪ್ಪನಿಗೆ ಜನ್ಮದಲ್ಲಿ ಯಾವ ಆಫೀಸಿನಿಂದಲೂ ಫೋನು ಬಂದಿರಲಿಲ್ಲ. ಮರುದಿನ ಕಟ್ಟೆಯ ಮೇಲೆ, "ಸರಕಾರದಿಂದ ಫೋನ್ ಬಂದಿತ್ತು" ಎಂದು ಹೇಳಿಕೊಂಡು ತಿರುಗಿದ. ಕರಾರು ಒಂದಿಷ್ಟು ಸಡಿಲಾಯಿತು. ಕಂಟ್ರೋಲರ ಫೋನು ಬಂದ ದಿನ ತಡವಾದರೆ ತಡವಲ್ಲ ಎಂದಾಯಿತು.

ಸುದ್ದಿ ಹಬ್ಬಿ ಉಳಿದ ಹಳ್ಳಿಗಳ ಹುಡುಗಿಯರೂ ಅವರ ಕಿಂಡಿಗೆ ಬಂದು ನಂಬರು ಕೊಟ್ಟರು. ಬಸ್ಸು ತಪ್ಪಿದ ಸಂಜೆ ಅವರಿಗೆ ಎರಡು ಕೆಲಸ. ಮೈಕಿನಲ್ಲಿ ಒಮ್ಮೆ ಮಂದಿಗೆ ಹೇಳುವುದು, ಆಮೇಲೆ ಒಬ್ಬೊಬ್ಬ ಅಪ್ಪನಿಗೂ ಬಿಡಿಬಿಡಿಯಾಗಿ ಹೇಳುವುದು. ಆ ಫೋನುಗಳ ಮೇಲೆ ನಮ್ಮ ಓದು ನಿಂತಿತ್ತು. ಅದು ಬೀಳಲಿಕ್ಕೂ ಒಂದು ಫೋನೇ ಸಾಕಾಯಿತು.

ಮಳೆಗಾಲ. ರೇಣುಕಾ ಬೆಳಿಗ್ಗೆಯೇ ಜ್ವರದಲ್ಲಿ ಮೈ ಸುಡುತ್ತ ಬಂದಿದ್ದಳು. ಪರೀಕ್ಷೆ ಇತ್ತು, ಬರಬೇಡ ಎಂದರೂ ಕೇಳಿರಲಿಲ್ಲ. ಸಂಜೆ ಬಸ್ಸು ರದ್ದಾಯಿತು. ಕಾಕಾ ಎಂದಿನಂತೆ ನನ್ನ ಅಪ್ಪನಿಗೆ ಹೇಳಿ, ಆಮೇಲೆ ಅವಳ ಅಪ್ಪನಿಗೆ ಫೋನು ಹಚ್ಚಿದರು. ಆತ ಹೊಲದಲ್ಲಿದ್ದ. ಗಾಳಿ ಮಳೆಗೆ ಮಾತು ಕಡಿದು ಕಡಿದು ಹೋಗುತ್ತಿತ್ತು. ಆತನಿಗೆ ಕೇಳಿಸಿದ್ದು 'ಹೆಚ್ಚಾಗೈತ್ರಿ' ಎನ್ನುವುದು, ಆಮೇಲೆ 'ನಿಮ್ಮ ಮಗಳು' ಎನ್ನುವುದು. ನಮ್ಮ ಕಡೆ ಜಡ್ಡು ವಿಪರೀತವಾದರೂ 'ಹೆಚ್ಚಾಗೈತಿ' ಎಂದೇ ಅನ್ನುತ್ತಾರೆ. ಬೆಳಿಗ್ಗೆ ಜ್ವರದಲ್ಲಿ ಹೋದ ಮಗಳು, ಸಂಜೆ ಹೆಚ್ಚಾಗೈತಿ ಎಂಬ ಫೋನು. ತಂದೆಯಾದವನು ಮತ್ತೇನು ತಿಳಿದಾನು? ಮೈಮೇಲಿನ ಕೆಸರು ತೊಳೆಯದೆ ಮೋಟರ್ ಸೈಕಲ್ ಹತ್ತಿದ.

ಮಳೆ ಬಿದ್ದಾಗ ಹೊಲದಿಂದ ಬರುವ ಟ್ರ್ಯಾಕ್ಟರುಗಳು ಗಾಲಿಗೆ ಹತ್ತಿದ ಎರೆಮಣ್ಣನ್ನು ಡಾಂಬರಿನ ಮೇಲೆ ಬಿಟ್ಟುಹೋಗುತ್ತವೆ. ಅದರ ಮೇಲೆ ನಡೆಯುವುದೇ ಕಷ್ಟ, ಆತ ಗಾಡಿ ಓಡಿಸಿಕೊಂಡು ಬಂದ. ಹಳ್ಳದ ಇಳಿಜಾರಿನಲ್ಲಿ ಗಾಡಿ ಜಾರಿ ಕಾಲ ಮೇಲೆಯೇ ಬಿತ್ತು. ಸುದ್ದಿ ಬಂದಾಗ ರೇಣುಕಾ ಗುಳಿಗೆ ನುಂಗಿ, ಕಾಕಾ ಕೊಡಿಸಿದ ಬಿಸಿ ಚಹಾ ಕುಡಿಯುತ್ತ ನನ್ನ ಬಾಜೂಕ್ಕೆ ಕುಳಿತಿದ್ದಳು.

ಹುಬ್ಬಳ್ಳಿಯ ದವಾಖಾನೆಗೆ ಕಾಕಾ ಎಳನೀರು ಹಿಡಿದುಕೊಂಡು ಹೋಗಿದ್ದರು. ನಾನೂ ಅಪ್ಪನ ಜೊತೆ ಅಲ್ಲಿದ್ದೆ. ಕಾಲಿಗೆ ರಾಡು ಹಾಕಿ ಮಲಗಿಸಿದ್ದರು. ರೇಣುಕಾಳ ಅಪ್ಪ ಬಹಳ ಹೊತ್ತು ಮಾರಿ ಗೋಡೆಗೆ ತಿರುವಿಕೊಂಡಿದ್ದು, ಕೊನೆಗೆ ಒಂದೇ ಮಾತು ಕೇಳಿದ: "ಇಲ್ಲ ಅಂದಿದ್ರ ನಿಮ್ಮ ಗಂಟ ಏನ್ ಹೋಗತಿತ್ರಿ?"

ಕಾಕಾ ಎಳನೀರನ್ನು ಎಲ್ಲಿಡಬೇಕೆಂದು ಗೊತ್ತಾಗದೆ ಕೈಯಲ್ಲೇ ಹಿಡಿದು ನಿಂತಿದ್ದರು. ನನ್ನ ಅಪ್ಪನೇ ಅದನ್ನು ಇಸಿದುಕೊಂಡ.

ರೇಣುಕಾ ಕಾಲೇಜು ಬಿಟ್ಟಳು. ಕಾಲು ಮುರಿದು ಮಲಗಿದ ಅಪ್ಪ, ಹೊಲ, ಎಮ್ಮೆ, ಎಲ್ಲವೂ ಅವಳ ಮತ್ತು ಅವಳವ್ವನ ಕೈಗೆ ಬಂತು. ಅತ್ತ ನಿಲ್ದಾಣದಲ್ಲಿ ಮುಂದಿನ ಸಲ ಬಸ್ಸು ತಪ್ಪಿದ ಸಂಜೆ ಮೈಕಿನಲ್ಲಿ ಆ ದನಿ ಬಂತು: "ಮೊರಬದ ಮ್ಯಾಲೆ ಹೋಗೂ ಬಸ್ ಇಲ್ಲ." ಅಷ್ಟೇ. ಸಹಕರಿಸಬೇಕು ಎಂದು ಸಹ ಅನ್ನಲಿಲ್ಲ. ಕಾಯಿಪಲ್ಲೆ ಮಾರಿ ಹೊರಟಿದ್ದ ಮುದುಕಿಯೊಬ್ಬಳು, "ಹಂಗನಬ್ಯಾಡೋ ನನ್ನಪ್ಪಾ" ಎಂದು ಕಿಂಡಿಯ ಕಡೆ ಕೈಮಾಡಿದಳು. ಅವತ್ತಿನಿಂದ ನನಗೆ ಆ ಸಿಳ್ಳೆ ಕೇಳಿ ನಗು ಬಂದದ್ದಿಲ್ಲ.

ಅಪ್ಪಂದಿರಿಗೆ ಫೋನು ಮಾಡುವುದನ್ನೂ ಅವರು ನಿಲ್ಲಿಸಿಬಿಟ್ಟರು. ನನ್ನ ಅಪ್ಪ ಹಳೆಯ ಕರಾರಿಗೆ ವಾಪಸು ಬಂದ. "ಫೋನ್ ನಂಬಿ ಒಬ್ಬನ ಕಾಲು ಹೋತು. ಇನ್ನ ದೀಪ ಹಚ್ಚೂದ್ರೊಳಗ ಅಂದ್ರ ದೀಪ ಹಚ್ಚೂದ್ರೊಳಗ." ಮತ್ತೆ ಬಸ್ಸು ತಪ್ಪಿದ ಸಂಜೆ ಇದನ್ನು ನಾನು ಕಿಂಡಿಯ ಮುಂದೆ ನಿಂತು ಹೇಳಿದೆ. ಈ ಸಲ ಕೂಗಾಡಲಿಲ್ಲ. ನನ್ನದೂ ಮುಗಿಯಿತು ಎಂದೇ ತಿಳಿದಿದ್ದೆ.

ಅವರು ಕೇಳಿಸಿಕೊಂಡು, ಕಿಂಡಿ ಮುಚ್ಚಿ, ಹೊರಗೆ ಬಂದರು. ಪಾಳಿ ಬದಲಾಗುವ ಹೊತ್ತು. ಟವೆಲ್ಲು ಕೊಡವಿ ಹೆಗಲಿಗೆ ಹಾಕಿ, "ನಡಿ ತಂಗಿ, ಹೋಗೂಣು" ಎಂದರು. ಟಂಟಂನಲ್ಲಿ ಹೆಂಗಸರನ್ನು ಹಿಂದೆ ಕೂಡಿಸಿ, ತಾವು ಡ್ರೈವರನ ಬಾಜೂಕ್ಕೆ ಅರ್ಧ ಕುಂಡೆ ಊರಿ ಕುಳಿತು ನಮ್ಮೂರಿಗೆ ಬಂದರು. ನನ್ನ ಅಪ್ಪ ಬಾಗಿಲಲ್ಲಿ ನಿಂತಿದ್ದ, ಒಳಗೆ ದೀಪ ಹಚ್ಚಿ ಆಗಿತ್ತು. "ಮುಟ್ಟಿಸೇನ್ರಿ" ಎಂದರು. ಅಪ್ಪ ನನ್ನನ್ನು ನೋಡಿದ, ಅವರನ್ನು ನೋಡಿದ, ಕೊನೆಗೆ "ಬರ್ರಿ, ಚಾ ಕುಡೀರಿ" ಎಂದ. ನನ್ನ ಓದು ಉಳಿಯಿತು ಎಂದು ನನಗೆ ಗೊತ್ತಾದದ್ದು ಆ ಮಾತಿನಲ್ಲಿ.

ಆಮೇಲೆ ಬಸ್ಸು ತಪ್ಪಿದಾಗಲೆಲ್ಲ ಅವರು ಬಂದರು. ಹೊರಳಿ ಹೋಗಲು ಹಾಲಿನ ಗಾಡಿ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಯಾರದಾದರೂ ಟ್ರ್ಯಾಕ್ಟರು. ಹೀಗೆ ಬರಲು ಯಾರೂ ಅವರಿಗೆ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಅವರ ಹೆಂಡತಿ ಬೈಯುತ್ತಿದ್ದರೆಂದು ಕೇಳಿದ್ದೆ. ನಮ್ಮ ಮನೆಯ ಚಹಾ ಮುಗಿಸಿದವರು ನೇರ ರೇಣುಕಾಳ ಮನೆಯ ಕಡೆ ನಡೆಯುತ್ತಿದ್ದರು. ಕಾಲು ಹೇಗಿದೆ ಎಂದು ವಿಚಾರಿಸಲು ಹೋಗುತ್ತಾರೆ ಎಂದುಕೊಂಡಿದ್ದೆ.

ನಾನು ಡಿಗ್ರಿ ಮುಗಿಸಿದೆ, ಬಿ.ಎಡ್. ಮಾಡಿದೆ, ಕುಂದಗೋಳದ ಕಡೆ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಅಷ್ಟರಲ್ಲಿ ಅವರು ನಿವೃತ್ತರಾಗಿದ್ದರು. ಪೇಢೆ ತೆಗೆದುಕೊಂಡು ಅವರ ಮನೆಗೆ ಹೋದೆ. ಹೆದರಿದ್ದೇ ಆಗಿತ್ತು, ಗಂಟಲಿಗೆ ಹುಣ್ಣಾಗಿತ್ತು. ಮಾತು ಗಾಳಿಯಂತೆ ಬರುತ್ತಿತ್ತು. ಪೇಢೆಯನ್ನು ಕೈಯಲ್ಲಿ ಹಿಡಿದುಕೊಂಡು, "ಮಾಸ್ತರ್ತಿ ಆದಿ, ಅಗದಿ ಛಲೋ ಆತು" ಎಂದರು. ಆಮೇಲೆ, "ರೇಣುಕಾ ನಿನಕಿಂತ ಶಾಣ್ಯಾಕಿ ಇದ್ಲು" ಎಂದರು.

ನನಗೆ ಕೆಟ್ಟೆನಿಸಿತು. ಸಿಹಿ ಹಿಡಿದು ಬಂದವಳಿಗೆ ಹೇಳುವ ಮಾತೇ ಇದು? ಆದರೆ ಮಾತು ಸುಳ್ಳಲ್ಲ. ನಾನು ಪುಸ್ತಕ ನೋಡಿ ಬರೆಯುತ್ತಿದ್ದ ಉತ್ತರವನ್ನು ಅವಳು ನೋಡದೆ ಬರೆಯುತ್ತಿದ್ದಳು. ಆ ಹೊತ್ತಿಗೆ ಅವಳ ಮದುವೆಯಾಗಿ, ಅಣ್ಣಿಗೇರಿಯ ಕಡೆ ಗಂಡನ ಮನೆಯಲ್ಲಿ ಕಳೆ ಕೀಳುತ್ತಿದ್ದಳು.

ಅವರು ಬಹಳ ದಿನ ಉಳಿಯಲಿಲ್ಲ. ಅವರ ಮಣ್ಣಿಗೆ ನಾನು ಹೋದಾಗ ಹೆಚ್ಚು ಮಂದಿ ಇರಲಿಲ್ಲ. ಕಾಕಿ ಅಂಗಿಯ ಕೆಲವರು, ಓಣಿಯವರು, ನನ್ನಂಥ ಇಬ್ಬರು ಮೂವರು ಹೆಣ್ಣುಮಕ್ಕಳು. ಕೋಲು ಊರಿಕೊಂಡು ರೇಣುಕಾಳ ಅಪ್ಪನೂ ಬಂದಿದ್ದ. ಆತ ಬರುತ್ತಾನೆಂದು ನಾನು ಎಣಿಸಿರಲಿಲ್ಲ.

ಹೊರಳುವಾಗ ನಾನೂ ಆತನೂ ನಿಲ್ದಾಣದಲ್ಲಿ ಕುಳಿತೆವು. ಈಗ ಅಲ್ಲಿ ಕಂಟ್ರೋಲರ ದನಿ ಇಲ್ಲ. ರೆಕಾರ್ಡ್ ಮಾಡಿದ ಹೆಣ್ಣುದನಿಯೊಂದು ಬಂದ ಬಸ್ಸುಗಳ ಹೆಸರು ಹೇಳುತ್ತದೆ, ಬಾರದ ಬಸ್ಸಿನ ಬಗ್ಗೆ ಏನೂ ಹೇಳುವುದಿಲ್ಲ. ಅದನ್ನು ವಾಟ್ಸಾಪಿನಲ್ಲಿ ಯಾರಾದರೂ ಹಾಕಿದರೆ ತಿಳಿಯಬೇಕು. ಹೆಣ್ಣುಮಕ್ಕಳಿಗೆ ಟಿಕೀಟು ಪುಕ್ಕಟೆಯಾಗಿ ಬಸ್ಸುಗಳು ತುಂಬಿ ಬರುತ್ತವೆ, ಆದರೆ ನಮ್ಮ ಸಂಜೆಯ ಬಸ್ಸು ಈಗಲೂ ತಪ್ಪುತ್ತದೆ. ಕಾಲೇಜಿನ ಹುಡುಗಿಯರು ಮೊಬೈಲು ನೋಡುತ್ತ ನಿಂತಿದ್ದರು. ಅವರಲ್ಲಿ ಯಾರ ಅಪ್ಪ ಏನು ಕರಾರು ಹಾಕಿದ್ದಾನೋ ಎಂದು ಯೋಚಿಸಿ ನನಗೆ ದುಃಖ ಉಕ್ಕಿ ಬಂತು. ನಾನು ಓದಿದ್ದು ಅವರೊಬ್ಬರ ದೆಸೆಯಿಂದ ಎಂದು ಬಾಜೂಕ್ಕೆ ಕುಳಿತವನಿಗೆ ಹೇಳಿದೆ.

ರೇಣುಕಾಳ ಅಪ್ಪ, "ನಮ್ಮ ಮನೀಗೂ ಬರ್ತಿದ್ರವ್ವಾ" ಎಂದ. "ಪ್ರತಿ ವರ್ಷ ಕಾಲೇಜ್ ಚಾಲೂ ಆಗೂ ಮುಂದ ಕಟ್ಟೀ ಮ್ಯಾಲ ಬಂದು ಕುಂದರ್ತಿದ್ರು. 'ಯಜಮಾನ್ರ, ಈ ವರ್ಷರ ಆಕೀನ್ನ ಕಳಸ್ರಿ. ಹೊಳ್ಳಿ ಮನಿ ಮುಟ್ಟಸೂದು ನನ್ನ ಕಡೆ' ಅಂತಿದ್ರು."

"ನೀವೇನಂದ್ರಿ?"

"ನೋಡೂಣು ಅಂದೆ. ಬಾಗಿಲಕ್ಕ ಬಂದವರಿಗೆ ಇಲ್ಲ ಹೆಂಗ ಅನ್ನೂದು? ಮನಸಿನ್ಯಾಗ ಅಗದಿ ಒಲ್ಲೆ ಅಂತನ ಇತ್ತು, ಬಾಯಿಲೆ ನೋಡೂಣು ಅಂದೆ. ಮರುವರ್ಷ ಮತ್ತ ಬಂದ್ರು, ಮತ್ತ ನೋಡೂಣು ಅಂದೆ. ಅವರು ಅದನ್ನ ಖರೇ ಅಂತ ತಿಳಕೊಂಡಿದ್ರವ್ವಾ. ಆಕೀ ಲಗ್ನಪತ್ರಿಕಿ ಕೊಡಾಕ ಹೋದಾಗ ನನಗ ಗೊತ್ತಾತು."

ಆತ ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡ.

"ಪತ್ರಿಕಿ ಓದಲೇ ಇಲ್ಲ. ಕೈಯಾಗ ಹಿಡಕೊಂಡು ನನ್ನ ಮಾರೀನ ನೋಡಿದ್ರು. 'ನೋಡೂಣು ಅಂದಿದ್ರೆಲ್ರಿ' ಅಂದ್ರು."