ನಾನು ಮುಚ್ಚಿದ ಕಿಟಕಿ

ನಮ್ಮ ಮನೆಯಲ್ಲಿ ಯಾರಾದರೂ ನೆಪ ಹೇಳಿದರೆ ಮೊಮ್ಮಕ್ಕಳು ನೀವೆಲ್ಲ ನಗುತ್ತ, "ಹೌದ ಬಿಡು, ಕರೆಂಟ್ ನುಂಗಿರಬೇಕು" ಎನ್ನುತ್ತೀರಿ. ಆ ಮಾತು ಎಲ್ಲಿಂದ ಬಂತು ಎಂಬುದು ನಿಮ್ಮಲ್ಲಿ ಚಿಕ್ಕವರಿಗೆ ಗೊತ್ತಿಲ್ಲ. ಅದು ನನ್ನ ಬಾಯಿಂದ ಬಂದದ್ದು, ಮತ್ತು ಅದು ಸುಳ್ಳು. ಎದುರಿಗೆ ಕೂತು ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ತವರು ಗುಡೂರಿನ ಸಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಕಲಿತ ಅಕ್ಷರ. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಹಳೇ ಬಾಗಲಕೋಟೆಯ ನಮ್ಮ ಮನೆ ಅಣೆಕಟ್ಟಿನ ಹಿನ್ನೀರಿನ ಪಾಲಾಗಿ, ನಾವು ನವನಗರಕ್ಕೆ ಬಂದು ಕೆಲವು ವರ್ಷಗಳಾಗಿದ್ದವು. ನಿಮ್ಮ ಅಜ್ಜ ನೀರು ಬರುವ ಮೊದಲೇ ತೀರಿಕೊಂಡಿದ್ದರು. ನಾನು ಮಗ ಸೊಸೆಯ ಜೊತೆ ಇದ್ದೆ. ಮಗ ಯಾರೋ ಬಳಸಿ ಬಿಟ್ಟಿದ್ದ ಒಂದು ಕಂಪ್ಯೂಟರ್ ತಂದು ಪಡಸಾಲೆಯಲ್ಲಿ ಇಟ್ಟಿದ್ದ. ಅದರ ಮೇಲೆ ಸೊಸೆ ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದಳು. ಆಗ ಏಳನೇ ಇಯತ್ತೆಯಲ್ಲಿದ್ದ ನಿಮ್ಮ ದೊಡ್ಡಕ್ಕ ಸಾಲೆಯಿಂದ ಬಂದ ಕೂಡಲೇ ಬಟ್ಟೆ ತೆಗೆದು ಆಟಕ್ಕೆ ಕೂರುತ್ತಿದ್ದಳು.

ಅದು ಹೊಡೆದಾಡುವ ಆಟವಲ್ಲ, ಮನೆ ಕಟ್ಟುವ ಆಟ. ಗೋಡೆ ಎಳೆಯಬೇಕು, ಬಾಗಿಲು ಕೂಡಿಸಬೇಕು, ಬಣ್ಣ ಬಳಿಯಬೇಕು. ಅವಳು ಐದಾರು ಮನೆ ಶುರು ಮಾಡಿದ್ದಳು, ಒಂದೂ ಮುಗಿದಿರಲಿಲ್ಲ. ಒಂದಕ್ಕೆ ಮೇಲ್ಛಾವಣಿ ಇಲ್ಲ. ಇನ್ನೊಂದರಲ್ಲಿ ಹನ್ನೆರಡು ಕುರ್ಚಿ, ಬಾಗಿಲೇ ಇಲ್ಲ.

"ಒಳಗ ಇರೋರು ಹೆಂಗ ಹೊರಗ ಬರ್ತಾರವಾ?" ಎಂದು ಕೇಳಿದೆ.

"ಅವ್ರು ಬರೂದ ಬ್ಯಾಡ ಆಯಿ. ನನಗ ಬ್ಯಾಸರಾತು. ಶುರು ಮಾಡಾಕ ಚಂದ, ಮುಗಸಾಕ ಚಂದಿಲ್ಲ."

ಒಂದು ದಿನ ಅವಳು, "ಆಯಿ, ನಮ್ಮ ಹಳೇ ಮನಿ ಕಟ್ತೇನಿ. ನೀ ಹೇಳ್ಕೋತ ಕುಂದ್ರು" ಎಂದಳು. ಕಟ್ಟೆ ಎಷ್ಟು ಎತ್ತರ, ದೇವರ ಕೋಣೆ ಯಾವ ಕಡೆ, ಬಚ್ಚಲಿಗೆ ಎಷ್ಟು ಹೆಜ್ಜೆ, ಎಲ್ಲ ಕೇಳಿದಳು. ನನಗಾದ ಸಂತೋಷವನ್ನು ತೋರಿಸಲಿಲ್ಲ. ತೋರಿಸುವುದು ನನಗೆ ಬರುವುದಿಲ್ಲ. ಕಟ್ಟೆ ಬಂತು, ಪಡಸಾಲೆ ಬಂತು. ಹದಿನೈದು ದಿನಕ್ಕೆ ಮತ್ತೆ ಕೈಬಿಟ್ಟಳು.

ಆಗ ನಮ್ಮ ಅಪ್ಪನ ಪದ್ಧತಿ ಹೇಳಿದೆ. ತವರಿನಲ್ಲಿ ನಮ್ಮದು ಕುಣಿ ಮಗ್ಗ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವುದು. ಒಂದು ಸೀರೆ ಇಳಿಯಲು ದಿನಗಟ್ಟಲೆ ಬೇಕು. ಅಪ್ಪ ಸಂಜೆ ಮಗ್ಗದಿಂದ ಏಳುವಾಗ ಎಂದೂ ಪೂರ್ತಿಯಾದ ಜಾಗಕ್ಕೆ ನಿಲ್ಲಿಸುತ್ತಿರಲಿಲ್ಲ. ನಾಳಿನ ಕೆಲಸದಲ್ಲಿ ನಾಲ್ಕು ಎಳೆ ನೇಯ್ದಿಟ್ಟೇ ಏಳುತ್ತಿದ್ದ. ಅರ್ಧಕ್ಕೆ ನಿಂತದ್ದು ಮರುದಿನ ತಾನೇ ಕರೆಯುತ್ತದೆ ಎನ್ನುತ್ತಿದ್ದ.

"ಗ್ವಾಡಿ ಪೂರಾ ಆದಮ್ಯಾಲೆ ಏಳಬ್ಯಾಡ. ಮುಂದಿನ ಗ್ವಾಡಿ ಅರ್ಧ ಎಳದ ಏಳು" ಎಂದೆ.

"ನಿಮ್ಮಪ್ಪ ಕಂಪ್ಯೂಟರ್ ಕಲ್ತಿದ್ನೇನು?" ಎಂದು ಅಣಕಿಸಿದಳು. ಆದರೆ ಹಾಗೆಯೇ ಮಾಡಿದಳು. ದಿನಾ ಒಂದು ಅರ್ಧ ಗೋಡೆ ಬಿಟ್ಟು ಏಳುತ್ತಿದ್ದಳು, ಮರುದಿನ ಅಲ್ಲಿಂದಲೇ ಹಿಡಿಯುತ್ತಿದ್ದಳು. ದೇವರ ಕೋಣೆ ಮುಗಿಯಿತು, ಅಡಿಗೆ ಮನೆಗೆ ಕೈ ಹಾಕಿದಳು. "ಈ ಸರ್ತಿ ಮುಗಸ್ತೇನಿ ನೋಡು. ಮುಗಿಯೂತನಕ ಅಡಿಗಿ ಮನಿ ನಿನಗ ತೋರ್ಸೂದಿಲ್ಲ" ಎಂದಳು.

ಅಷ್ಟರಲ್ಲಿ ದಸರಾ ಸೂಟಿ ಬಂತು. ಬಚ್ಚಲಿನ ಗೋಡೆ ಅರ್ಧ ಎಳೆದಿಟ್ಟು, ತಾಯಿಯ ಜೊತೆ ಹುನಗುಂದಕ್ಕೆ, ತಾಯಿಯ ತವರಿಗೆ ಹೋದಳು. ಮಗ ಬೆಳಿಗ್ಗೆ ಆಫೀಸಿಗೆ ಹೋದರೆ ಮನೆಯಲ್ಲಿ ನಾನೊಬ್ಬಳೇ.

ಅವಳ ಪಕ್ಕದಲ್ಲಿ ಕೂತು ಕೂತು ನಾನೂ ಆಟ ಕಲಿತಿದ್ದೆ. ಯಾರಿಗೂ ಹೇಳಿರಲಿಲ್ಲ. ಮಧ್ಯಾಹ್ನ ಅವಳು ಸಾಲೆಗೆ ಹೋದಾಗ ಒಂದೆರಡು ಸಲ ಇಲಿಯಂಥ ಆ ಮೌಸನ್ನು ಹಿಡಿದು ನೋಡಿದ್ದೆ. ಆಟ ಮುಚ್ಚುವಾಗ ಒಂದು ಚೌಕ ಮೂಡುತ್ತದೆ, ಅದರಲ್ಲಿ ಎಡಗಡೆಯದನ್ನು ಒತ್ತಿದರೆ ಮಾಡಿದ್ದೆಲ್ಲ ಉಳಿಯುತ್ತದೆ ಎಂಬುದೂ ಗೊತ್ತಿತ್ತು.

ಎರಡನೇ ದಿನ ತಡೆಯಲಾಗಲಿಲ್ಲ. ಆ ಅರ್ಧ ಗೋಡೆ ನನ್ನನ್ನೇ ಕರೆದಂತೆ ಆಯಿತು. ನಮ್ಮ ತವರಿನಲ್ಲಿ ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಮಗ್ಗಕ್ಕೆ ಇಳಿದು ಸೀರೆ ಮುಗಿಸುತ್ತಿದ್ದರು. ನನ್ನ ಕೈ ನಿನ್ನ ಕೈ ಎಂಬ ಮಾತೇ ಇರಲಿಲ್ಲ. ಮುಗಿಸಿಕೊಟ್ಟವರಿಗೆ ಒಳ್ಳೆಯ ಹೆಸರೇ ಬರುತ್ತಿತ್ತು. ಇದೂ ಹಾಗೆಯೇ ಎಂದುಕೊಂಡೆ. ಬಚ್ಚಲು ಮುಗಿಸಿದೆ, ಹಂಡೆಯಂಥದ್ದು ಏನೋ ಸಿಕ್ಕಿತು, ಅದನ್ನೂ ಇಟ್ಟೆ. ಆಮೇಲೆ ಅವಳು ತೋರಿಸುವುದಿಲ್ಲ ಎಂದಿದ್ದ ಅಡಿಗೆ ಮನೆಗೆ ಹೋದೆ.

ಒಲೆಯ ಮುಂದೆ ಗೋಡೆಯ ತುಂಬ ಒಂದು ದೊಡ್ಡ ಕಿಟಕಿ, ಆಚೆ ಬೇವಿನ ಗಿಡ.

ನಮ್ಮ ಅಡಿಗೆ ಮನೆಗೆ ಕಿಟಕಿ ಎಂದೂ ಇರಲಿಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಅಷ್ಟೇ. ಹುಡುಗಿ ಮರೆತಿದ್ದಾಳೆ ಎಂದುಕೊಂಡು ಕಿಟಕಿ ಕಿತ್ತು ಗೋಡೆ ಮುಚ್ಚಿದೆ, ಗಿಡ ತೆಗೆದೆ. ಎಡಗಡೆಯದನ್ನು ಒತ್ತಿ ಎದ್ದೆ. ಆ ಸಂಜೆ ರೊಟ್ಟಿ ಬಡಿಯುವಾಗ ನನಗೆ ಎಷ್ಟು ಹೆಮ್ಮೆ ಇತ್ತೆಂದರೆ, ಈಗ ನೆನೆದರೆ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

ಅವಳು ಬಂದವಳೇ ಚೀಲ ಎಸೆದು ಕಂಪ್ಯೂಟರ್ ಹಚ್ಚಿದಳು. ನೇರ ಅಡಿಗೆ ಮನೆಗೆ ಹೋದಳು, ಬಚ್ಚಲಿನ ಕಡೆ ನೋಡಲೇ ಇಲ್ಲ.

"ಆಯಿ, ಯಾರರೆ ಇದನ್ನ ಮುಟ್ಟಿದ್ರೇನು? ನನ್ನ ಕಿಟಕಿ ಎಲ್ಲಿ?"

ಆ ದನಿಯಲ್ಲಿ ಅಳು ಇತ್ತು. ಮುಗಿಸಿಕೊಟ್ಟೆ ಎಂದು ಹೇಳಲು ಬಾಯಿ ತೆರೆದಿದ್ದೆ. ಬೇರೆ ಮಾತು ಬಂತು. "ಮೊನ್ನಿ ಕರೆಂಟ್ ಭಾಳ ಹೋಗಿ ಬಂದು ಮಾಡ್ತವಾ. ಅದ ನುಂಗಿರಬೇಕು."

ಮಗ ನಕ್ಕುಬಿಟ್ಟ. "ಕರೆಂಟ್ ಕಿಟಕಿ ನುಂಗತೈತೇನಬೇ?" ಅಂದಿನಿಂದ ಅದು ಮನೆಯ ಮಾತಾಯಿತು. ಆದರೆ ಹುಡುಗಿ ನಂಬಿದಳು, ಆಯಿ ಸುಳ್ಳು ಹೇಳುವುದಿಲ್ಲ ಎಂದು. ಮತ್ತೆ ಆಟಕ್ಕೆ ಕೂರಲಿಲ್ಲ. "ಕಟ್ಟೂದರೆ ಯಾಕ, ಹೆಂಗಿದ್ರೂ ಹೋಗತೈತಿ" ಎಂದಳು. ಹಿಡಿದ ಮನೆ ಮುಗಿಸು ಎಂದು ದಿನಾ ಹೇಳುತ್ತಿದ್ದ ನಾನೇ ಅವಳ ಕೈ ಕಟ್ಟಿಹಾಕಿದ್ದೆ.

ಒಂದು ವಾರದ ಮೇಲೆ ಸೊಸೆ ಅಕ್ಕಿ ಆರಿಸುತ್ತ ಹೇಳಿದಳು. "ಅತ್ತಿ, ಆ ಕಿಟಕಿ ಅಕಿ ನಿಮ್ಮ ಸಲುವಾಗಿ ಇಟ್ಟಿದ್ಳರಿ. ನೀವು ಹೊಗಿಯೊಳಗ ಕೆಮ್ಮಕೋತ ಅಡಿಗಿ ಮಾಡಿದ್ದು ಅಕಿಗೆ ಯಾರೋ ಹೇಳ್ಯಾರ. ಆಯಿಗೆ ಒಂದ ಕಿಟಕಿ ಇರಲಿ ಅಂತ."

ಮದುವೆಯಾದಂದಿನಿಂದ ಮನೆ ಬಿಡುವವರೆಗೆ ಒಂದು ಕಿಟಕಿ ಬೇಕೆಂದು ನಾನು ಬಾಯಿಬಿಟ್ಟು ಕೇಳಿರಲಿಲ್ಲ. ಕೇಳದೆ ಕೊಟ್ಟವಳೊಬ್ಬಳು ಇದ್ದಳು. ಅದನ್ನು ಮುಚ್ಚಿದವಳು ನಾನು.

ಮರುದಿನ ಅವಳು ಸಾಲೆಯಿಂದ ಬಂದಾಗ ನಾನು ಕಂಪ್ಯೂಟರ್ ಮುಂದೆ ಕೂತಿದ್ದೆ. ಅವಳ ಕಣ್ಣ ಮುಂದೆಯೇ ಆಟ ತೆರೆದೆ. ಅಡಿಗೆ ಮನೆಗೆ ಹೋಗಿ ಗೋಡೆಯಲ್ಲಿ ಒಂದು ಕಿಟಕಿ ಕೂಡಿಸಿದೆ. ಅವಳು ಹಿಂದೆ ನಿಂತು ನೋಡಿದಳು.

"ಆಯಿ, ನಿನಗ ಆಟ ಬರ್ತೈತಿ?"

ನಾನು ಕಿಟಕಿಯನ್ನು ಸರಿಸುತ್ತಲೇ ಇದ್ದೆ.

"ನೀನ ಮುಚ್ಚಿದೇನು?"

"ಹೂಂ."

"ಮುಚ್ಚಿದ್ರ ಮುಚ್ಚಿದಿ. ಸುಳ್ಳ ಯಾಕ ಹೇಳ್ದಿ?"

ನಾನು ಮೌಸಿನಿಂದ ಕೈ ತೆಗೆದೆ. ಅವಳು ಪರದೆಯ ಕಡೆ ಬಾಗಿದಳು. "ಅದಲ್ಲ ಕಿಟಕಿ. ದೊಡ್ಡದಿತ್ತು. ಸರಿ ಅತ್ತಾಗ" ಎಂದು ಮೌಸ್ ತೆಗೆದುಕೊಂಡಳು. ದೊಡ್ಡ ಕಿಟಕಿ ಬಂತು, ಬೇವಿನ ಗಿಡ ಬಂತು. ಆಮೇಲೆ ನಾನು ಕಟ್ಟಿದ ಬಚ್ಚಲಿನ ಗೋಡೆಯನ್ನು ಅರ್ಧಕ್ಕೆ ಕಿತ್ತಳು, ತಾನು ಬಿಟ್ಟುಹೋದಷ್ಟಕ್ಕೆ ಸರಿಯಾಗಿ.

"ಇದನ್ನ ನಾ ಕಟ್ಟಾಕಿ" ಎಂದಳು.

ಮುಂದಿನ ಎರಡು ವಾರದಲ್ಲಿ ಮನೆ ಮುಗಿಯಿತು. ಅವಳು ಪೂರ್ತಿ ಮಾಡಿದ ಮೊದಲನೆಯ ಮನೆ ಅದು. ನಾನು ಪಕ್ಕದಲ್ಲಿ ಕೂರುತ್ತಿದ್ದೆ, ಮೌಸ್ ಮುಟ್ಟುತ್ತಿರಲಿಲ್ಲ. ಕಂಪ್ಯೂಟರ್ ಕೆಟ್ಟು, ಹಳೇ ಸಾಮಾನು ಕೊಳ್ಳುವ ಮೋಡ್ಕಾದವನ ಗಾಡಿ ಹತ್ತಿದಾಗ ಆ ಮನೆಯೂ ಹೋಯಿತು.

ಆದರೆ ಅವಳು ನನ್ನ ಸುಳ್ಳನ್ನು ಯಾರಿಗೂ ಹೇಳಲಿಲ್ಲ, ತಂದೆಗೂ ಹೇಳಲಿಲ್ಲ. ಇಳಕಲ್ಲಿನ ನಿಮ್ಮ ಮನೆಯಿಂದ ನೀವೆಲ್ಲ ಬಂದು ಊಟಕ್ಕೆ ಕೂತಾಗ ಯಾರಾದರೂ ಆ ಮಾತು ಎತ್ತುತ್ತೀರಿ. ಅವಳು ನಿಮ್ಮ ಜೊತೆ ನಗುತ್ತಾಳೆ, ನನ್ನ ಕಡೆ ಮಾತ್ರ ನೋಡುವುದಿಲ್ಲ. ನನಗೆ ನಾಚಿಕೆಯಾಗಬಾರದೆಂದು ನೋಡುವುದಿಲ್ಲ. ಅದಕ್ಕೇ ನನಗೆ ಹೆಚ್ಚು ನಾಚಿಕೆ.

ಇಷ್ಟು ವರ್ಷ ಅವಳು ಹೊತ್ತದ್ದು ಸಾಕು. ಇನ್ನು ಮುಂದೆ ಯಾರಾದರೂ ನೆಪ ಹೇಳಿದರೆ ಕರೆಂಟ್ ನುಂಗಿತು ಎನ್ನಬೇಡಿರಿ. ಆಯಿ ನುಂಗಿದಳು ಎನ್ನಿರಿ. ನಾನು ಅಲ್ಲೇ ಕೂತಿದ್ದರೂ ಎನ್ನಿರಿ.