ಟೀ ಅಂಗಡಿಯಲ್ಲಿ ಆಡಿದ ಮಾತು

ನಂಜನಗೂಡಿನಲ್ಲಿ ಹಳೇ ಬೈಕು ಕೊಂಡು ಮಾರುತ್ತಿದ್ದ ಚಿಕ್ಕಸ್ವಾಮಿ ನನ್ನ ಓರಗೆಯವನು. ಅವನ ಅಂಗಡಿಯಲ್ಲಿ ನಾನು ಹನ್ನೊಂದು ವರ್ಷ ಮೆಕ್ಯಾನಿಕ್ ಆಗಿದ್ದೆ. ಮನುಷ್ಯ ಕೆಟ್ಟವನಲ್ಲ, ಆದರೆ ಅನುಮಾನದ ಪಿಶಾಚಿ. ಕಂಬಳಿ ಮೇಲೆ ಊಟಕ್ಕೆ ಕೂತು ಕೂದಲು ಹುಡುಕುವವನ ಜೊತೆ ಹೇಗೆ ಏಗಿದೆನೋ, ನನಗೇ ಗೊತ್ತಿಲ್ಲ.

ಅದಕ್ಕೊಂದು ಕಾರಣವಿತ್ತು ಅನ್ನಿ. ತೊಂಬತ್ತನಾಲ್ಕರಲ್ಲಿ ಅವನು ನಂಬಿ ಕೊಂಡ ಬೈಕೊಂದು ಕಳವಿನ ಮಾಲಾಗಿ, ಎರಡು ದಿನ ಸ್ಟೇಷನ್ನಿನಲ್ಲಿ ಕೂತು ಬಂದಿದ್ದ. ಆಮೇಲೆ ಒಂದು ಪದ್ಧತಿ ಹಿಡಿದ. ಮಾರುವವನ ಬೀದಿಯ ಟೀ ಅಂಗಡಿಯಲ್ಲಿ ವಿಚಾರಿಸದೆ ಯಾವ ಗಾಡಿಯನ್ನೂ ಕೊಳ್ಳುತ್ತಿರಲಿಲ್ಲ.

"ಆರ್‌ಸಿ ಪುಸ್ತಕ ಸುಳ್ಳೇಳ್ಬೋದು ಮಂಟೇಸಾ, ಟೀ ಅಂಗ್ಡಿ ಏಳಾಕಿಲ್ಲ" ಅನ್ನುತ್ತಿದ್ದ.

ಎರಡು ಸಾವಿರದ ಮೂರರಲ್ಲಿ ಬನ್ನೂರಿನ ಗುರುಪ್ರಸಾದ್ ಎಂಬ ಹುಡುಗ ತನ್ನ ಬುಲೆಟ್ ಮಾರುತ್ತಾನೆಂದು ಸುದ್ದಿ ಬಂತು. ಇಬ್ಬರೂ ಹೋದೆವು. ಬುಲೆಟ್ಟನ್ನು ಕ್ರೂಸರ್ ಮಾಡಿದ್ದ. ಮುಂದೆ ಉದ್ದನೆಯ ಫೋರ್ಕು, ಎತ್ತರದ ಹ್ಯಾಂಡಲ್, ತಗ್ಗಿದ ಸೀಟು, ಹಿಂದೆ ಅಗಲವಾದ ಟೈರು. ಮೂರು ವರ್ಷ ತಾನೇ ಕೂತು ಮಾಡಿದ್ದನಂತೆ. ವೆಲ್ಡಿಂಗ್ ನೋಡಿ ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

"ಇಷ್ಟು ಚೆಂದಾಗಿ ಇಟ್ಕಂಡು ಯಾಕಪ್ಪಾ ಮಾರ್ತೀಯ?" ಚಿಕ್ಕಸ್ವಾಮಿ ಕೇಳಿದ.

"ಹದಿನಾರು ಅನ್ನೋ ಊರಲ್ಲಿ ಹೆಣ್ಣು ಒಪ್ಪೀವ್ನಿ ಅಣ್ಣ. ಇಂಥ ಗಾಡಿ ಓಡ್ಸೋನು ಪೋಕ್ರಿ, ಮೊದ್ಲು ಮಾರ್ಲಿ, ಆಮೇಲೆ ಮಾತು ಅಂದವ್ರೆ ಅವ್ರ ಮನೆಯವ್ರು. ಗಾಡಿ ಹೋದ್ರೆ ಹೋಗ್ಲಿ, ಶ್ವೇತ ಸಿಕ್ಕುದ್ರೆ ಸಾಕು."

ಹುಡುಗನ ಮುಖ ಕೆಂಪಾಯಿತು. ನಾನು ನಂಬಿದೆ. ಚಿಕ್ಕಸ್ವಾಮಿ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ, ಪುಸ್ತಕಕ್ಕೆ ಹಿಡಿದು ನೋಡಿದ. ತಾಳೆಯಾಯಿತು. ಆದರೂ ಬೀದಿಗೆ ಬಂದವನೇ ಗೊಣಗಿದ. "ಮದ್ವೆ ಅಂತೆ ಮದ್ವೆ. ಬೆಳ್ಳಗಿರೋದೆಲ್ಲ ಆಲಲ್ಲ ಕಣ್ಲಾ."

ಟೀ ಅಂಗಡಿಯಲ್ಲಿ ನೇರವಾಗಿ ಕೇಳಿಯೇಬಿಟ್ಟ. "ಆ ಗುರುಪ್ರಸಾದ ಎಂಗೆ? ಕದ್ದಿರೋ ಗಾಡಿ ಅನ್ನುಸ್ತದೆ. ಮಾರಕ್ಕೆ ಬಲೇ ಅವಸರದಲ್ಲವ್ನೆ."

ಬೆಂಚಿನ ಮೇಲೆ ಬಿಳಿ ಪಂಚೆಯುಟ್ಟ ಹಿರಿಯರೊಬ್ಬರಿದ್ದರು. ಟೀ ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಆಮೇಲೆ ಅಂಗಡಿಯವನು, "ಅಯ್ಯೋ, ಅಂಥೋನಲ್ಲ ಸಾ, ಚಿನ್ನದಂಥ ಹುಡ್ಗ" ಎಂದ. ಚಿಕ್ಕಸ್ವಾಮಿಗೆ ಸಮಾಧಾನವಾಯಿತು. ಹಿಂದಿರುಗಿ ಹೋಗಿ, ಗುರುವಾರ ಗಾಡಿಯನ್ನು ನಮ್ಮ ಅಂಗಡಿಗೆ ತಂದೊಪ್ಪಿಸುವಂತೆ ವ್ಯಾಪಾರ ಕುದುರಿಸಿದ.

ಗುರುವಾರ ಗುರುಪ್ರಸಾದ್ ಗಾಡಿಯಲ್ಲೇ ಬಂದ. ಇಳಿಯಲಿಲ್ಲ.

"ಮಾರಲ್ಲ ಅಣ್ಣ. ಹೆಣ್ಣಿನವ್ರು ಬೇಡ ಅಂದ್ಬುಟ್ರು. ಶ್ವೇತನ ಸೋದರಮಾವ ನನ್ನ ವಿಚಾರ ತಿಳ್ಕೊಳಕ್ಕೆ ನಮ್ಮ ಬೀದಿ ಟೀ ಅಂಗ್ಡಿಲಿ ಕೂತಿದ್ರಂತೆ. ನೀವು ಏನು ಕೇಳುದ್ರಿ ಅಂತ ಅಂಗ್ಡಿಯವ್ನು ಹೇಳ್ದ."

ಬೈಯಲೂ ಇಲ್ಲ, ಹಾಗೇ ಹೊರಟುಹೋದ. ನನಗೆ ತಡೆಯಲಾಗಲಿಲ್ಲ. "ಮಾತು ಆಡಿದ್ರೆ ಓಯ್ತು, ಮುತ್ತು ಒಡೆದ್ರೆ ಓಯ್ತು. ಒಬ್ಬನ ಬಾಳು ಕೆಡಿಸ್ದಲ್ಲಾ ಪಾಪಿ. ನಡಿ ಹದಿನಾರಿಗೆ" ಎಂದು ಅವನ ರಟ್ಟೆ ಹಿಡಿದು ಎಳೆದೆ.

ಸೋದರಮಾವ ಪುಟ್ಟಬಸವಯ್ಯನವರು ಜಗಲಿಯಲ್ಲಿ ಕೂತಿದ್ದರು. ಅದೇ ಬಿಳಿ ಪಂಚೆ. ಚಿಕ್ಕಸ್ವಾಮಿ ಕೈ ಮುಗಿದು, ತಪ್ಪು ತನ್ನದು, ಹುಡುಗ ಅಪ್ಪಟ, ಗಾಡಿಯ ಕಾಗದವೆಲ್ಲ ಸರಿಯಾಗಿದೆ ಎಂದು ಮತ್ತೆ ಮತ್ತೆ ಹೇಳಿದ. ಅವರು ಎಲೆಯಡಿಕೆ ಜಗಿಯುತ್ತಲೇ ಕೇಳಿಸಿಕೊಂಡರು.

"ಆವತ್ತು ಕದ್ದಿದ್ದು ಅಂದ್ರಿ. ಇವತ್ತು ಅಲ್ಲ ಅಂತ ನಂಜನಗೂಡಿಂದ ಬಂದಿದೀರಿ. ಹುಡುಗ ಎಷ್ಟು ಕೊಟ್ಟ?"

ಉತ್ತರಕ್ಕೂ ಕಾಯದೆ ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಬಸ್ಸಿಗೆ ಕಾಯುತ್ತ ನಿಂತೆವು. ಚಿಕ್ಕಸ್ವಾಮಿ, "ನಾನಾಗಿದ್ರೂ ನಂಬ್ತಿರ್ಲಿಲ್ಲ ಕಣ್ಲಾ" ಎಂದ.