ಹನ್ನೊಂದು ಹೊರೆ ನೀರು

ಬೀಸುವುದು, ಕೊಟ್ಟಿಗೆಯ ಸಗಣಿ ಬಾಚುವುದು, ಒಲೆಯ ಬೂದಿ ತೆಗೆಯುವುದು, ಅಂಗಳ ಸಾರಿಸುವುದು, ಮಜ್ಜಿಗೆ ಕಡೆಯುವುದು, ರೊಟ್ಟಿ ಬಡಿಯುವುದು. ಇವೆಲ್ಲದರ ನಡುನಡುವೆ ನೀರು. ಮೂಡಲು ಬೆಳ್ಳಗಾಗುವ ಮೊದಲೇ ಭೀಮಬಾಯಿ ಇಷ್ಟನ್ನೂ ಮುಗಿಸಬೇಕಿತ್ತು. ಒಂದು ದಿನವೂ ಮುಗಿದಿರಲಿಲ್ಲ.

ಕಲ್ಯಾಣದ ಆ ಮನೆಯ ಬಚ್ಚಲಲ್ಲಿ ಮೂರು ಹಂಡೆ. ಒಂದೊಂದಕ್ಕೂ ನಾಲ್ಕು ಹೊರೆ ನೀರು. ಒಂದು ಹೊರೆ ಎಂದರೆ ತಲೆಯ ಮೇಲೆ ದೊಡ್ಡ ಕೊಡ, ಅದರ ಮೇಲೆ ಸಣ್ಣದು, ಬಾವಿಯ ಇಪ್ಪತ್ತೆರಡು ಮೆಟ್ಟಿಲು, ಆಮೇಲೆ ಏರುದಾರಿ. ಎರಡು ಹಂಡೆ ಅಡುಗೆಗೆ, ಕುಡಿಯಲು, ಎಮ್ಮೆಗೆ. ಮೂರನೆಯದು ಮಾವನ ಮತ್ತು ಮೈದುನ ಪಂಡರಿಯ ಸ್ನಾನಕ್ಕೆ. ಅದಕ್ಕೆ ಮೂರು ಹೊರೆ ಸಾಕು.

ಅವಳು ಕೊಹಿನೂರು ಹಳ್ಳಿಯವಳು. ಮೂರನೆಯ ಇಯತ್ತೆ ಓದಿ, ಹನ್ನೆರಡಕ್ಕೆ ಮದುವೆಯಾಗಿ ಬಂದವಳು. ಗಂಡ ಮಡೆಪ್ಪ ಕುರಿಗಳ ಹಿಂದೆ ಹೋದರೆ ತಿಂಗಳುಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಸಾವಿರದ ಒಂಬೈನೂರ ನಲವತ್ತಮೂರರ ಚಳಿಗಾಲ ಅದು, ಅವಳಿಗೆ ಇಪ್ಪತ್ತಾರು. ಹುಮನಾಬಾದಿನ ಹೆಣ್ಣುಮಕ್ಕಳ ಶಾಲೆಗೆ ಒಬ್ಬ ಸಹಾಯಕಿ ಬೇಕಾಗಿದ್ದಳು, ಸೋಮವಾರ ಪರೀಕ್ಷೆ. ಓದುಬರಹ ಹೇಗೋ ನಡೆಯುತ್ತಿತ್ತು, ಲೆಕ್ಕ ಕೈಕೊಡುತ್ತಿತ್ತು. ಓಣಿಯ ಕೊನೆಯ ಮನೆಯ ಉಸ್ತಾನಿ ಹಜಿರಾ ಬೀ, ತಾನು ಕಲಿಸುವ ಶಾಲೆಗೆ ಹೊರಡುವ ತನಕ, ಮುಂಜಾನೆ ಹೇಳಿಕೊಡಲು ಒಪ್ಪಿದ್ದಳು. ಭೀಮಬಾಯಿ ದಿನವೂ ತಡವಾಗಿ ಓಡಿ ಬರುತ್ತಿದ್ದಳು.

ಬುಧವಾರ ಭಿನ್ನರಾಶಿಯ ಪಾಠ. ಹಜಿರಾ ಬೀ ಪಾಟಿಯ ಮೇಲೆ ಬಳಪದಿಂದ ಹನ್ನೊಂದರ ಕೆಳಗೆ ಅಡ್ಡಗೆರೆ ಎಳೆದು ನಾಲ್ಕು ಬರೆಯಲು ಹೇಳಿದಳು. ಭೀಮಬಾಯಿ ನಾಲ್ಕನ್ನು ಮೇಲೆ, ಹನ್ನೊಂದನ್ನು ಕೆಳಗೆ ಬರೆದಳು.

"ತಲಿಕೆಳಗ ಬರದಿ ಬೇಟಿ."

"ದೊಡ್ಡದು ಮ್ಯಾಲ ಇಟ್ರ ನಿಲ್ಲತದೇನ್ರಿ? ಬಾವಿ ದಾರ್ಯಾಗ ಹಂಗ ಹೊತ್ತವರನ್ನ ಕಂಡೀರೇನು?"

ಹಜಿರಾ ಬೀ ನಕ್ಕಳು. "ಪುಸ್ತಕದಾಗೂ ಇದಕ್ಕ ಗೈರ್ ವಾಜಿಬ್ ಅಂತನ ಹೆಸರದ, ಸರಿಯಲ್ಲದ್ದು ಅಂತ. ಆದ್ರ ಲೆಕ್ಕ ಸರಿನ ಅದ. ಕೆಳಗಿನ ನಾಲ್ಕು ಅಂದ್ರ ಒಂದು ಇಡೀದಕ್ಕ ನಾಲ್ಕು ಪಾಲು. ಅಂಥಾ ಪಾಲು ನಿನ್ನ ಹಂತ್ಯಾಕ ಹನ್ನೊಂದು ಅವ. ಇಡೀವು ಎಷ್ಟಾದವು?"

ಭೀಮಬಾಯಿಯ ಕೈ ತಾನಾಗಿ ಕುತ್ತಿಗೆಗೆ ಹೋಯಿತು. "ನಾಲ್ಕಕ್ಕೊಂದು ಹಂಡೆ, ಎಂಟಕ್ಕ ಎರಡು. ಇನ್ನ ಮೂರು ಹೊರಿ ಉಳೀತು. ಎರಡು ತುಂಬ್ಯಾವ, ಮೂರನೇದು ಮುಕ್ಕಾಲು."

"ಹಂಗಾರ ಎರಡು ಬರಿ. ಬಾಜೂಕ ಮೂರು, ಅದರ ಕೆಳಗ?"

"ನಾಲ್ಕು. ಹಂಡೆ ಅದೇ ಅಲ್ರಿ, ಬದಲಾಗಂಗಿಲ್ಲ."

ಹಜಿರಾ ಬೀ ಆಗಲೇ ಬುರ್ಖಾ ಎತ್ತಿಕೊಂಡಿದ್ದಳು. "ಇನ್ನ ಕೂಡಿಸೋದು, ಕಳಿಯೋದು ಅದ. ನಾಳಿ ಲಗೂನ ಬಾ. ಅರ್ಧಾ ಕಲ್ತು ಹೋದ್ರ ಅಲ್ಲಿ ಯಾರೂ ತಗೊಳ್ಳಂಗಿಲ್ಲ."

ಮನೆಯಲ್ಲಿ ಅತ್ತೆ ಜಿಜಾಬಾಯಿ ಬಚ್ಚಲ ಬಾಗಿಲಲ್ಲೇ ನಿಂತಿದ್ದಳು. "ಮೂರು ಹಂಡೆನೂ ತುಂಬಂಗಿಲ್ಲ ನೀನು. ಎರಡೂ ಮುಕ್ಕಾಲು ಹಂಡೆ ನೀರಿಗೆ ಇಡೀ ಮುಂಜಾನಿ ಬೇಕೇನ?"

"ಹನ್ನೊಂದು ಸಲ ಹೋಗಿ ಬರ್ತೀನ್ರಿ ಅತ್ತಿ."

"ಎರಡೂ ಒಂದೇ ಅಲ್ಲೇನ?"

"ಹಂಡ್ಯಾಗ ಒಂದೇ ರೀ. ಕಾಲಿಗೆ ಅಲ್ಲ."

ಕಟ್ಟೆಯ ಮೇಲೆ ಬೇವಿನ ಕಡ್ಡಿ ಜಗಿಯುತ್ತಿದ್ದ ಪಂಡರಿ ಉಗುಳಿ ಹೇಳಿದ: "ವೈನಿ ಲೆಕ್ಕ ಕಲ್ತಾಳವ್ವ. ಇನ್ನ ನಮಗ ರೊಟ್ಟಿನೂ ಎಣಿಸಿ ಹಾಕ್ತಾಳ."

"ನಾಲ್ಕು ದಿನ ಆ ಮೂರು ಹೊರಿ ನೀವ ತರ್ರಿ, ಪಂಡರಿ. ನನಗ ಪಾಠ ತಪ್ಪತದ."

ಅವನು ತಾಯಿಯ ಮುಖ ನೋಡಿದ. "ಗಂಡಸು ಕೊಡ ಹೊತ್ರ ಓಣಿ ನಗತದ," ಎಂದಳು ಜಿಜಾಬಾಯಿ. ಪಂಡರಿ ಮತ್ತೆ ಕಡ್ಡಿ ಜಗಿಯತೊಡಗಿದ.

ಆ ದಿನವೆಲ್ಲ ಭೀಮಬಾಯಿಗೆ ಕೂತಲ್ಲಿ ಕೂರಲಾಗಲಿಲ್ಲ. ಕುಳ್ಳು ತಟ್ಟಿದರೆ ನಾಲ್ಕು ನಾಲ್ಕಾಗಿ ಎಣಿಸಿದಳು, ರೊಟ್ಟಿಯ ತುಂಡು ಎಣಿಸಿದಳು. ಎಷ್ಟೇ ಎಣಿಸಿದರೂ ಮನಸ್ಸು ಆ ಉಳಿದ ಮೂರಕ್ಕೇ ಬಂದು ತಾಕುತ್ತಿತ್ತು.

ಗುರುವಾರ ಎಂಟನೆಯ ಹೊರೆ ಸುರಿದಾಗ ಎರಡನೆಯ ಹಂಡೆ ಕಂಠದವರೆಗೆ ಬಂತು. ಮೂರನೆಯದರ ತಳ ಒಣಗಿತ್ತು. ಒಳಗೆ ಮಾವ ಕೆಮ್ಮಿದ. ಇನ್ನೇನು ಬಿಸಿನೀರು ಕೇಳುತ್ತಾನೆ. ಅತ್ತೆಯನ್ನು ಎಬ್ಬಿಸಿ ಹೇಳಲೇ ಎಂದು ಒಂದು ಹೆಜ್ಜೆ ಇಟ್ಟಳು. ಹೇಳಿದರೆ ಅಪ್ಪಣೆ ಕೇಳಿದಂತೆ, ಕೇಳಿದರೆ ಬೇಡವೆನ್ನುತ್ತಾರೆ. ಅಲ್ಲೇ ನಿಂತಳು.

ಕೊಡಗಳೆರಡನ್ನೂ ಪಂಡರಿಯ ಕಣ್ಣಿಗೆ ಬೀಳುವಂತೆ ಖಾಲಿ ಹಂಡೆಯ ಮುಂದೆ ಇಟ್ಟಳು. ತಲೆಯ ಸಿಂಬಿ ತೆಗೆದು ಅವುಗಳ ಮೇಲಿಟ್ಟಳು. ಒದ್ದೆ ಸೆರಗು ಹಿಂಡಿ, ಪಾಟಿ ತೆಗೆದುಕೊಂಡು, ಬಾವಿಯ ದಾರಿ ಬಿಟ್ಟು ಓಣಿಯ ಕೊನೆಗೆ ನಡೆದಳು.